ಆಟಿಗೆ ಮೊದಲು ಮಾಸ್ಟ್ರನ್ನು ಕಳಿಸಿದ್ದು

ಮಾಸ್ಟ್ರು ಊರು ಬಿಡುತ್ತಾರಂತೆ ಎಂಬ ಸುದ್ದಿ ಬಂದ ದಿನ ನಾನು ಊಟ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ದಿನ ಊಟ ಬಿಟ್ಟೆವು ಎಂದು ಈಗಲೂ ಹೇಳಿಕೊಂಡು ತಿರುಗುವವರು ಮಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ನಾನು ಉಂಡೆ. ಹೆದರಿಕೆಯಾದರೆ ನನಗೆ ಹಸಿವು ಜಾಸ್ತಿ. ಹೆದರಿಕೆ ದಿನವೂ ಇರುವುದರಿಂದ ಈಗ ನಡುವಯಸ್ಸಿನಲ್ಲಿ ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ ಬೆಳೆದಿದೆ.

ಮಾಸ್ಟ್ರು ಅಂದರೆ ಶಾಲೆಯ ಮಾಸ್ಟ್ರಲ್ಲ. ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು, ಅಲ್ಲಿಯ ಕೆಲಸಗಾರರ ಫುಟ್‌ಬಾಲ್ ತಂಡವನ್ನು ಕಟ್ಟಿ, ತಿದ್ದಿ, ಬೈದು, ಊರಿಗೇ ದೊಡ್ಡದು ಮಾಡಿದವರು. ಕಣ್ಣೂರಿನವರು. ಅಲ್ಲಿಯ ದಂಡಿನ ಬಯಲಿನಲ್ಲಿ ಗೋರಾ ಸಿಪಾಯಿಗಳು ಆಡುವುದನ್ನು ಬೇಲಿಯ ಹೊರಗೆ ನಿಂತು ನೋಡಿಯೇ ಆಟ ಕಲಿತರಂತೆ. ನಮ್ಮಲ್ಲಿಗೆ ಬಂದ ಮೇಲೆ ತುಳುವನ್ನು ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಿದ್ದರು. ಬೈಯುವಾಗ ಮಾತ್ರ ಮಲಯಾಳಕ್ಕೆ ದಾಟುತ್ತಿದ್ದರು. ಅರ್ಥ ಆಗದ ಕಾರಣ ಯಾರಿಗೂ ಬೇಜಾರಾಗುತ್ತಿರಲಿಲ್ಲ.

ಅವರು ಆಟಗಾರರನ್ನು ಆರಿಸುತ್ತಿದ್ದ ರೀತಿಯೇ ಬೇರೆ. ಹಂಚಿಗೆ ಮಣ್ಣು ತರುವ ದೋಣಿ ದಡಕ್ಕೆ ಬಂದಾಗ ಆಳುಗಳು ತಲೆಯ ಮೇಲೆ ಬುಟ್ಟಿ ಹೊತ್ತು ಒಂದೇ ಹಲಗೆಯ ಮೇಲೆ ನಡೆದು ಇಳಿಯಬೇಕು. ಮಾಸ್ಟ್ರು ಬೀಡಿ ಹಚ್ಚಿಕೊಂಡು ದಡದಲ್ಲಿ ಕುಳಿತು ಅವರ ಕಾಲನ್ನು ನೋಡುತ್ತಿದ್ದರು. ಮಳೆಯಲ್ಲಿ ನೆನೆದ ಹಲಗೆಯ ಮೇಲೆ ಯಾರು ಕೆಳಗೆ ನೋಡದೆ ನಡೆಯುತ್ತಾನೋ ಅವನಿಗೆ ಆ ವಾರ ಬಾಲ್ ಸಿಗುತ್ತಿತ್ತು. ಬೂಟು ಇಲ್ಲ, ಎಲ್ಲರದೂ ಬರಿಗಾಲು. ಆಟಕ್ಕೆ ಮೊದಲು ಮಾಸ್ಟ್ರು ಒಬ್ಬೊಬ್ಬನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ, ಮುಳ್ಳೋ ಹಂಚಿನ ಚೂರೋ ಹೊಕ್ಕಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಬೂಟು ಹಾಕಿ ಬಂದ ದೊಡ್ಡ ದೊಡ್ಡ ತಂಡಗಳು ಆ ಬರಿಗಾಲಿನ ಮುಂದೆ ಕೆಸರಿನಲ್ಲಿ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಣ್ಣಾರೆ ಎಂದೆ, ಅದು ಪೂರ್ತಿ ನಿಜವಲ್ಲ. ಗೋಲಿನ ಹತ್ತಿರ ಬಾಲ್ ಬಂದರೆ ನನಗೆ ನೋಡಲಿಕ್ಕಾಗುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಜೀವಮಾನದಲ್ಲಿ ಒಂದು ಬಾಲ್ ಒದ್ದವನಲ್ಲ. ನನ್ನನ್ನು ಮಾಸ್ಟ್ರ ಅಭಿಮಾನಿಗಳ ಗುಂಪಿಗೆ ಸೇರಿಸಿಕೊಂಡದ್ದು ಮೈದಾನದ ಹತ್ತಿರ ಹೋಟೆಲು ಇಟ್ಟಿದ್ದ ಧಣಿಗಳು. ಮಾಸ್ಟ್ರ ಮೊದಲ ಭಕ್ತರು ಅವರು. ನಾನು ಕಾಫಿ ವ್ಯಾಪಾರದ ಒಂದು ಆಫೀಸಿನಲ್ಲಿ ಗುಮಾಸ್ತ. ನಾಲ್ಕು ಅಕ್ಷರ ಬರೆಯಬಲ್ಲವನು ಗುಂಪಿನಲ್ಲಿ ಒಬ್ಬನಾದರೂ ಇರಲಿ ಎಂದು ಇಟ್ಟುಕೊಂಡಿದ್ದರು.

ಸುದ್ದಿ ಬಂದದ್ದು ಮಳೆ ಹಿಡಿದು, ಮೈದಾನದಲ್ಲಿ ಕೆಂಪು ನೀರು ನಿಂತು, ನಮ್ಮ ಆಟದ ಕಾಲ ಶುರುವಾದಾಗ. ಕಣ್ಣೂರಿನಲ್ಲಿ ಮಾಸ್ಟ್ರ ಅಣ್ಣ ತೀರಿಕೊಂಡಿದ್ದರು. ಅಕ್ಕ ವಿಧವೆ, ಮನೆಗೆ ಗಂಡು ದಿಕ್ಕಿಲ್ಲ. ಮನೆಯ ಯಜಮಾನಿಕೆ ಈಗ ಮಾಸ್ಟ್ರಿಗೆ ಬಂತು. ಆಷಾಢದಂಥ ಆಟಿ ತಿಂಗಳಿಗೆ ಮೊದಲು ಬಂದು ಮುಟ್ಟು ಎಂದು ಅಕ್ಕ ಜನ ಕಳಿಸಿ ಹೇಳಿಸಿದ್ದಳು.

ಬೇರೆ ಏನೇ ಕಾರಣ ಇದ್ದಿದ್ದರೂ ನಾವು ವಾದಿಸುತ್ತಿದ್ದೆವು. ಬೇರೆ ಕಾರ್ಖಾನೆ ಕರೆದಿದ್ದರೆ ಆ ಕಾರ್ಖಾನೆಯನ್ನು ಬೈಯುತ್ತಿದ್ದೆವು. ಆದರೆ ಅಳಿಯಸಂತಾನದ ಊರಿನಲ್ಲಿ ಅಕ್ಕನ ಕರೆಗೆ ಎದುರಾಡುವುದು ಹೇಗೆ? ಧಣಿಗಳ ಹೋಟೆಲಿನಲ್ಲಿ ಸೇರಿದವರ ಚಹಾ ಎಲ್ಲ ಲೋಟದಲ್ಲೇ ಆರಿತು. ಕೆಲವರಿಗೆ ಮಾಸ್ಟ್ರ ಮೇಲೆ ಸಿಟ್ಟು ಬಂತು, ಮೊದಲೇ ಹೇಳಬೇಕಿತ್ತು ಎಂದರು. ಅಣ್ಣ ಸಾಯುವುದನ್ನು ಮೊದಲೇ ಹೇಗೆ ಹೇಳುವುದು ಎಂದು ಯಾರೂ ಕೇಳಲಿಲ್ಲ. ಒಬ್ಬರು ದೈವಕ್ಕೆ ಹರಕೆ ಹೇಳಿದರು, ಇನ್ನೊಬ್ಬರು ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದರು, ಬಂದರಿನ ಬ್ಯಾರಿಗಳೊಬ್ಬರು ದರ್ಗಾದಲ್ಲಿ ಕೇಳಿಕೊಂಡರು. ಹರಕೆ ಹೊತ್ತರೂ ಮಾಸ್ಟ್ರು ಹೊರಡುವುದು ನಿಲ್ಲುವಂತೆ ಕಾಣದಾಗ ಧಣಿಗಳು ಉಪಾಯ ಹೇಳಿದರು.

"ಸೆಂಡಾಫ್ ಆಗದೆ ಅವರು ಹೋಗುದುಂಟಾ? ಇಲ್ಲ. ಸೆಂಡಾಫ್ ಮಾಡುವವರು ಯಾರು? ನಾವು. ಆಟಿ ಬರುವವರೆಗೆ ನಾವು ಮಾಡುದಿಲ್ಲ. ಆಟಿ ಬಂತಾದ್ರೆ ಯಾರಾದ್ರೂ ಮನೆ ಬದಲಿಸ್ತಾರಾ ಮಾರಾಯ? ಹೋಗುದಾದ್ರೆ ಆಟಿ ಕಳೆದು ಸೋಣ ತಿಂಗಳಲ್ಲಿ ಹೋಗ್ಲಿ. ಅಷ್ಟರಲ್ಲಿ ನಮ್ಮ ಆಟ ಎಲ್ಲ ಮುಗಿದಿರ್ತದೆ."

ಆಟಿಯಲ್ಲಿ ಯಾವ ಹೊಸ ಕೆಲಸಕ್ಕೂ ಕೈ ಹಾಕಬಾರದೆಂಬುದು ನಮ್ಮಲ್ಲೂ ಉಂಟು, ಮಲಯಾಳದವರಲ್ಲೂ ಉಂಟು. ಎಲ್ಲರಿಗೂ ಒಪ್ಪಿಗೆಯಾಯಿತು. ಒಂದು ತಿಂಗಳು ತಡವಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆವು. ಸೆಂಡಾಫ್ ಕಮಿಟಿಗೆ ನನ್ನನ್ನು ಸೆಕ್ರೆಟರಿ ಮಾಡಿದರು. ಯಾವ ಕೆಲಸವನ್ನಾದರೂ ಎಂಟು ಬಗೆಯಲ್ಲಿ ಹೆದರಿ ತಡ ಮಾಡುವವನು ಇವನೇ ಎಂದು ಅವರಿಗೆ ಗೊತ್ತಿತ್ತು.

ಮೊದಲು ದಿನ ಇಟ್ಟೆವು. ಅಮಾವಾಸ್ಯೆ ಹತ್ತಿರ ಎಂದು ಬಿಟ್ಟೆವು. ಆಮೇಲೆ ಅಧ್ಯಕ್ಷರು ಯಾರಾಗಬೇಕೆಂಬ ಚರ್ಚೆ ಬಂತು. ಮಂಗಳೂರಿನಲ್ಲಿ ಈ ಒಂದು ಚರ್ಚೆಗೆ ಬಿಟ್ಟರೆ ಮಳೆಗಾಲ ಪೂರಾ ಸಾಕು. ಕಂಕನಾಡಿಯವರು ಒಬ್ಬರ ಹೆಸರು ಹೇಳಿದರೆ ಬಂದರಿನವರಿಗೆ ಆಗದು. ಅದು ಮುಗಿದ ಮೇಲೆ ಪಟ ತೆಗೆಸುವ ವಿಷಯ. ಮೋಡ ಇರುವಾಗ ಪಟ ಕಪ್ಪಾಗುತ್ತದೆ ಎಂದರು. ಮೋಡ ಒಂದು ದಿನ ಹರಿದಾಗ ಧಣಿಗಳು ಮಲ್ಲಿಗೆಯ ಪ್ರಶ್ನೆ ಎತ್ತಿದರು. ಈ ಮಳೆಗೆ ಒಳ್ಳೆಯ ಮಲ್ಲಿಗೆ ಎಲ್ಲಿಯದು, ಮಲ್ಲಿಗೆ ಹಾರ ಇಲ್ಲದ ಸೆಂಡಾಫ್ ಎಂಥ ಸೆಂಡಾಫ್ ಎಂದು ನನ್ನನ್ನೇ ಗದರಿಸಿದರು. ಪ್ರತಿ ಸಲವೂ ಮಾಸ್ಟ್ರ ಬಿಡಾರಕ್ಕೆ ಹೋಗಿ ದಿನ ಮುಂದೆ ಹೋಗಿದೆ ಎಂದು ತಿಳಿಸುವ ಕೆಲಸ ನನ್ನದು. ಅವರು ಪ್ರತಿ ಸಲವೂ ಬೆಲ್ಲ ನೀರು ಕೊಟ್ಟು, ಆಗಲಿ ಎನ್ನುತ್ತಿದ್ದರು. ಪೆಟ್ಟಿಗೆ ಕಟ್ಟಿ ಹಗ್ಗ ಬಿಗಿದು ಬಾಗಿಲ ಬಳಿ ಇಟ್ಟಿತ್ತು.

ಆ ದಿನಗಳಲ್ಲಿ ನನಗೆ ಎರಡು ಹೆದರಿಕೆ ಒಟ್ಟಿಗೇ ಇತ್ತು. ಬೆಳಿಗ್ಗೆ, ಮಾಸ್ಟ್ರು ಎಲ್ಲಿ ಹೊರಟುಬಿಡುತ್ತಾರೋ ಎಂದು; ಸಂಜೆ, ಎಲ್ಲಿ ಹೊರಡದೆ ಉಳಿಯುತ್ತಾರೋ ಎಂದು. ನಾನು ಇದ್ದದ್ದು ನನ್ನ ಅಕ್ಕನ ಮನೆಯಲ್ಲಿ. ಒಂದು ದಿನ ಗಂಜಿ ಬಡಿಸುತ್ತ ಅವಳು ವಿಷಯ ಕೇಳಿದಳು. ನಮ್ಮ ಉಪಾಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ನಿನ್ನನ್ನು ಹೀಗೆ ಯಾರಾದ್ರೂ ಹಿಡಿದು ಇಟ್ಕೊಂಡ್ರೆ ನಾನು ದಾರಿ ನೋಡ್ತಾ ಕೂತಿರ್ಬೇಕಾ? ಆ ಹೆಂಗಸು ಅಲ್ಲಿ ಎಂತ ಮಾಡ್ತಾಳೆ ಅಂತ ನಿಮ್ಮಲ್ಲಿ ಒಬ್ಬನಾದ್ರೂ ಕೇಳಿದ್ದುಂಟಾ?"

ಯಾರೂ ಕೇಳಿರಲಿಲ್ಲ. ಆ ಹೆಂಗಸು ನಮಗೆ ಒಂದು ಎದುರು ತಂಡ ಇದ್ದ ಹಾಗೆ.

ಆಟಿ ಸಂಕ್ರಮಣಕ್ಕೆ ಇನ್ನು ವಾರ ತುಂಬಿಲ್ಲ ಎನ್ನುವಾಗ ಮಾಸ್ಟ್ರೇ ನನ್ನ ಆಫೀಸಿನ ಬಾಗಿಲಿಗೆ ಬಂದರು. ಕೊಡೆ ಮಡಿಸಿ, ನೀರು ಕೊಡವಿ, ಒಳಗೆ ಬರದೆ ಜಗಲಿಯಲ್ಲೇ ನಿಂತರು. ನಾನು ಅಧ್ಯಕ್ಷರ ವಿಷಯ ತೆಗೆಯಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಬಾಲನ್ನು ಗೆರೆಯ ಹೊರಗೆ ಹೊಡೆದು ಹೊಡೆದು ಹೊತ್ತು ಕಳೆಯುವ ಆಟ ಇದು. ನನಗೆ ಗೊತ್ತಾಗುದಿಲ್ಲ ಅಂತ ಎಣಿಸಿದ್ರಾ? ನನ್ನ ಆಟಗಾರ ಹೀಗೆ ಮಾಡಿದ್ರೆ ಕಿವಿ ಹಿಡಿದು ಹೊರಗೆ ಹಾಕ್ತೇನೆ. ನಿಮ್ಮನ್ನು ಹೊರಗೆ ಹಾಕ್ಲಿಕ್ಕೆ ಆಗುದಿಲ್ಲ, ನೀವು ಮೊದಲೇ ಹೊರಗೆ ನಿಂತವರು."

ಆಮೇಲೆ ಅವರು ಸ್ವರ ತಗ್ಗಿಸಿ ಹೇಳಿದ ವಿಷಯ ಇಷ್ಟು: ಅಕ್ಕನ ಮಗಳಿಗೆ ಒಂದು ಸಂಬಂಧ ಬಂದಿದೆ. ಒಳ್ಳೆಯ ಹುಡುಗ. ಸೋದರಮಾವನಾದವನು ಎದುರು ಕುಳಿತು ಮಾತು ಕೊಡಬೇಕು. ಆಟಿಗೆ ಮೊದಲು ಮಾತು ಮುಗಿಯದಿದ್ದರೆ ಗಂಡಿನ ಕಡೆಯವರು ಬೇರೆ ಮನೆ ನೋಡುತ್ತಾರೆ. ಹೇಳದೆ ಕೇಳದೆ ರೈಲು ಹತ್ತಬಹುದಿತ್ತು; ಆದರೆ ಇಷ್ಟು ವರ್ಷ ಅನ್ನ ಕೊಟ್ಟ ಊರಿನ ಬಾಗಿಲನ್ನು ಕಳ್ಳನ ಹಾಗೆ ದಾಟಲು ಮನಸ್ಸು ಬರಲಿಲ್ಲ.

"ನಾಳೆ ಸಂಜೆ ಮಾಡಿ ಮುಗಿಸಿ. ಹಾರ ಬೇಡ, ಪಟವೂ ಬೇಡ."

ಧಣಿಗಳ ಬಳಿಗೆ ಹೋಗುವ ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿದೆ. ಒಂದು ಸಲ ಚಪ್ಪಲಿಯ ಬಾರು ಕಿತ್ತಿತೆಂದು. ಇನ್ನೊಂದು ಸಲ ಕಿತ್ತಿರಲಿಲ್ಲ. ಅವರು ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತಿದ್ದರು. ನಾನು ಹೇಳುತ್ತಿದ್ದ ಹಾಗೆ ಅವರ ಮುಖ ಬಿಗಿಯಿತು.

"ನೀನು ಯಾರ ಕಡೆಯವ ಮಾರಾಯ?"

"ಅವರ ಅಕ್ಕನ ಕಡೆಯವ," ಎಂದೆ. ಎಲ್ಲಿಂದ ಬಂತೋ ಆ ಮಾತು. "ಧಣಿಗಳೇ, ನಾಳೆ ನಿಮ್ಮ ಅಕ್ಕನ ಮಗಳ ಮಾತುಕತೆ ಅಂತಾದ್ರೆ ನೀವು ಇಲ್ಲಿ ಕೂತು ಬಾಲ್ ನೋಡ್ತೀರಾ?"

ಅವರದೂ ಅಕ್ಕನ ಮನೆಯ ಗದ್ದೆಯೇ, ಸುರತ್ಕಲ್ಲಿನ ಕಡೆ. ಬಿತ್ತನೆಗೂ ಕೊಯ್ಲಿಗೂ ಹೋಟೆಲಿಗೆ ಬೀಗ ಹಾಕಿ ಹೋಗುವವರು. ಗಲ್ಲಾ ಪೆಟ್ಟಿಗೆಯನ್ನು ಒಮ್ಮೆ ತೆರೆದು ಮುಚ್ಚಿದರು. ಕೊನೆಗೆ ಒಳಗಿನ ಅಡುಗೆಯವರಿಗೆ ಕೇಳುವಂತೆ, ನಾಳೆಗೆ ಗೋಳಿಬಜೆಯ ಹಿಟ್ಟು ಎಷ್ಟು ಬೇಕಾದೀತು ಎಂದು ಕೂಗಿ ಕೇಳಿದರು. ನನ್ನ ಜೊತೆ ಮಾತ್ರ ಆ ದಿನ ಮತ್ತೆ ಮಾತಾಡಲಿಲ್ಲ.

ಸೆಂಡಾಫ್ ನಡೆದದ್ದು ಅವರ ಹೋಟೆಲಿನಲ್ಲೇ. ಅಧ್ಯಕ್ಷರಿಲ್ಲ. ಒಳಗೆ ಹಿಡಿಸದವರು ಬೀದಿಯಲ್ಲಿ ಕೊಡೆ ಹಿಡಿದು, ಓಲೆಯ ಗೊರಬೆ ಹೊದ್ದು ನಿಂತರು. ಕೂಳೂರಿನಿಂದ ಬರುವ ಒಬ್ಬರು ಎಲ್ಲ ಶುರುವಾದ ಮೇಲೆ ನೆಂದು ತೊಪ್ಪೆಯಾಗಿ ಬಂದರು. ಹೊಳೆ ತುಂಬಿದೆ, ದೋಣಿ ಬಿಡುವುದಿಲ್ಲ ಎಂದು ದೋಣಿಯವ ಹಟ ಹಿಡಿದಿದ್ದನಂತೆ. ಮಾಸ್ಟ್ರ ಸೆಂಡಾಫ್ ಎಂದ ಕೂಡಲೇ, ಮೊದಲೇ ಹೇಳಬಾರದಾ ಎಂದು ಹುಟ್ಟು ಹಿಡಿದನಂತೆ. ಅವನೂ ದೋಣಿ ಕಟ್ಟಿ ಬಂದು ಇವರ ಹಿಂದೆಯೇ ನಿಂತಿದ್ದ.

ಸೆಕ್ರೆಟರಿಯಾದ ನಾನು ಮಾತಾಡಬೇಕಿತ್ತು. ಎದ್ದು ನಿಂತು, "ಮಾಸ್ಟ್ರೇ," ಎಂದೆ. ಮುಂದೆ ಬರಲಿಲ್ಲ. ಯಾರೋ ಕೈ ತಟ್ಟಿದರು, ಎಲ್ಲರೂ ತಟ್ಟಿದರು, ಭಾಷಣ ಮುಗಿಯಿತು. ನನ್ನ ಜೀವನದಲ್ಲಿ ಅಷ್ಟು ಮೆಚ್ಚುಗೆ ಪಡೆದ ಮಾತು ಬೇರೆ ಇಲ್ಲ. ಮಾಸ್ಟ್ರು ಎದ್ದು, ಯಾರನ್ನು ಆಡಿಸಬೇಕು ಯಾರನ್ನು ಬಿಡಬೇಕು ಎಂದು ಗೆರೆಯ ಹೊರಗಿನಿಂದ ಇಷ್ಟು ವರ್ಷ ತಮಗೆ ಕಲಿಸಿದವರಿಗೆಲ್ಲ ಉಪಕಾರ ಎಂದರು. ನಾವು ತಲೆ ತಗ್ಗಿಸಿ ನಕ್ಕೆವು. ಆಮೇಲೆ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ ಆಟಗಾರರ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಕಾಲು ಕೊಡಿ," ಎಂದರು. ಒಬ್ಬೊಬ್ಬನ ಅಂಗಾಲನ್ನೂ ಒತ್ತಿ ನೋಡಿದರು. ಗೋಲು ಕಾಯುವ ನಮ್ಮ ಗೋಲಿ, ಆನೆಯಂಥ ಆಳು, ಹಿರಿಯರ ಕೈಗೆ ಕಾಲು ಕೊಡುವುದು ಹೇಗೆಂದು ಆ ದಿನ ಮೊದಲ ಸಲ ಸಂಕೋಚಪಟ್ಟು, ಕಾಲು ಎಳೆದುಕೊಂಡು, ಅಳಲು ಶುರುಮಾಡಿದ. ಹೊರಗೆ ಕೊಡೆಗಳೂ ಅಲ್ಲಾಡುತ್ತಿದ್ದವು. ಗಾಳಿಯಿಂದ ಎಂದು ಈಗ ಹೇಳುತ್ತಾರೆ.

ಮರುದಿನ ಬೆಳಗಿನ ರೈಲಿನಲ್ಲಿ ಅವರು ಹೋದರು. ಆಟಿಗೆ ಮೊದಲು.

ಆಟಿಯ ಮೊದಲ ಶನಿವಾರ ನಮ್ಮ ತಂಡ ಮಾಸ್ಟ್ರಿಲ್ಲದೆ ಮೈದಾನಕ್ಕಿಳಿಯಿತು. ಯಾರೂ ಬರಲಾರರು ಎಂದು ಹೆದರಿಕೊಂಡು ಹೋದರೆ ಎಲ್ಲರೂ ಬಂದಿದ್ದರು. ಧಣಿಗಳು ಜಾಗ ಮಾಡಿ ನನ್ನನ್ನು ಪಕ್ಕಕ್ಕೆ ಕರೆದರು, ಅದೇ ರಾಜಿ. ನಮ್ಮವರು ಒಂದು ಗೋಲು ತಿಂದರು, ಇನ್ನೊಂದೂ ತಿಂದರು. ಯಾರೂ ಬೈಯಲಿಲ್ಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಧಣಿಗಳ ಕಣ್ಣು ಬಾಲಿನ ಮೇಲೆ ಇರಲಿಲ್ಲ.

"ಗಂಡಿನ ಕಡೆಯವರು ಒಪ್ಪಿರ್ಬಹುದಾ?" ಎಂದು ಕೇಳಿದರು. "ಇವರು ಮಾತು ಕಮ್ಮಿ. ಅಲ್ಲಿ ಎಂತ ಹೇಳಿ ಹಾಳು ಮಾಡಿದ್ರೋ."

"ಒಪ್ಪಿರ್ತಾರೆ ಧಣಿಗಳೇ. ಮಾವ ಎದುರಿಗೆ ಕೂತಿದ್ದಾರಲ್ಲ."

"ಹುಡುಗ ಹೇಗೋ ಏನೋ."

"ಒಳ್ಳೆಯ ಹುಡುಗನಂತೆ."

"ಯಾರು ಹೇಳಿದ್ದು?"

"ಮಾಸ್ಟ್ರೇ ಹೇಳಿದ್ದು."

"ಹಾಗಾದ್ರೆ ಕಾಲು ನೋಡಿಯೇ ಹೇಳಿದ್ದು," ಎಂದು ಧಣಿಗಳು ಕೊಡೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು.