ಹಿಂದಿನಿಂದ ಕರೆಯಬಾರದು

ಇಪ್ಪತ್ನಾಲ್ಕು ವರ್ಷ ಮಕ್ಕಳಿಗೆ ಕೈಕಟ್ಟಿ, ಬಾಯಿ ಮುಚ್ಚಿ, ಸುಮ್ಮನೆ ಕೂತುಕೊಳ್ಳಿ ಎಂದು ಗದರಿಸಿ ಅನ್ನ ತಿಂದವಳು ನಾನು. ಹಗರಿಬೊಮ್ಮನಹಳ್ಳಿಯ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಗದ್ದಲವಿಲ್ಲದ ತರಗತಿ ಎಂದರೆ ನನ್ನದು. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ನಿವೃತ್ತ ಬಸ್ ಡ್ರೈವರ್ ಒಬ್ಬರ ಎದುರಿಗೆ ಜಮಖಾನೆಯ ಮೇಲೆ ಕೂತು.

ಬಿ.ಪಿ. ಗುಳಿಗೆ ಒಂದಿದ್ದದ್ದು ಎರಡಾಗಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಡಾಕ್ಟರು ಇನ್ನು ಮೂರನೆಯ ಗುಳಿಗೆ ಬರೆಯುವ ಬದಲು ಸ್ವಲ್ಪ ಧ್ಯಾನ ಮಾಡಿ ನೋಡಿ ಎಂದರು. ಧ್ಯಾನವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಕೆಲಸವಿಲ್ಲದವರ ಕೆಲಸ ಎಂದುಕೊಂಡಿದ್ದೆ. ಆದರೆ ನಮ್ಮ ಓಣಿಯಲ್ಲೇ ಡ್ರೈವರ್ ಕಾಕಾ ಒಬ್ಬರು ಬೆಳಿಗ್ಗೆ ಆರಕ್ಕೆ ತಮ್ಮ ಮಾಳಿಗೆಯ ಮೇಲೆ ಏಳೆಂಟು ಜನರನ್ನು ಕೂರಿಸಿಕೊಂಡು ಕಣ್ಣು ಮುಚ್ಚಿಸುತ್ತಿದ್ದರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ಮೂವತ್ತು ವರ್ಷ ಬಸ್ಸು ಓಡಿಸಿದವರು, ಎಲ್ಲೋ ಹತ್ತು ದಿನದ ಶಿಬಿರಕ್ಕೆ ಹೋಗಿ ಇದನ್ನು ಕಲಿತು ಬಂದಿದ್ದರು. ಗುರುಗಳೇ ಎಂದರೆ ಸಿಟ್ಟಿಗೇಳುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಎರಡೇ ಪಾಠ. ಮೂಗಿನ ತುದಿಯಲ್ಲಿ ಉಸಿರು ಬರುವುದನ್ನು, ಹೋಗುವುದನ್ನು ನೋಡಬೇಕು. ಬೇರೆ ಏನಾದರೂ ಮನಸ್ಸಿಗೆ ಬಂದರೆ ಅದರ ಸಂಗಡ ಜಗಳಕ್ಕೆ ಇಳಿಯಬಾರದು.

ಜಗಳಕ್ಕೆ ಇಳಿಯದೆ ಬದುಕಿದವಳಲ್ಲ ನಾನು. ಮೊದಲ ದಿನ ಇಪ್ಪತ್ತು ನಿಮಿಷ ಕೂತದ್ದರಲ್ಲಿ ಉಸಿರನ್ನು ನೋಡಿದ್ದು ನಾಲ್ಕು ಸಲ ಇರಬಹುದು. ಉಳಿದ ಹೊತ್ತೆಲ್ಲ ಪಕ್ಕದವರ ಏದುಸಿರಿನ ಮೇಲೆ ಸಿಟ್ಟು, ಕೆಳಗಿನ ಮನೆಯ ಕುಕ್ಕರಿನ ಮೇಲೆ ಸಿಟ್ಟು, ಕಸದ ಗಾಡಿಯ ಹಾಡಿನ ಮೇಲೆ ಸಿಟ್ಟು. ಬಿಸಿಯೂಟಕ್ಕೆ ಬೇಳೆ ಇದೆಯೋ ಇಲ್ಲವೋ, ಇನ್ಸ್‌ಪೆಕ್ಷನ್ನಿಗೆ ಬಂದವರಿಗೆ ಏನು ಉತ್ತರ ಕೊಡಬೇಕಿತ್ತು, ಎಂಟು ವರ್ಷದ ಹಿಂದೆ ಹೆಡ್‌ಮಾಸ್ತರರು ಅಂದ ಮಾತಿಗೆ ಹೇಗೆ ತಿರುಗಿಸಿ ಅನ್ನಬೇಕಿತ್ತು, ಎಲ್ಲ ಅಲ್ಲೇ ಹೊಳೆಯಿತು. ಮೊಣಕಾಲು ಬೇರೆ. ಎದ್ದು ನಿಂತಾಗ ಕಾಕಾ ಹೇಗನ್ನಿಸಿತು ಎಂದು ಕೇಳಿದರು. ನನ್ನ ತರಗತಿಯ ಮಕ್ಕಳನ್ನೆಲ್ಲ ಕರೆದು ಕ್ಷಮೆ ಕೇಳಬೇಕು ಅನ್ನಿಸಿತು ಎಂದೆ. ಅವರು ನಕ್ಕರು.

ಹಟಕ್ಕೆ ಬಿದ್ದು ಹೋಗುತ್ತಲೇ ಇದ್ದೆ. ಮೂರನೆಯ ವಾರದ ಒಂದು ಬೆಳಿಗ್ಗೆ ಗದ್ದಲ ತಾನಾಗಿಯೇ ಕಡಿಮೆಯಾಯಿತು. ಕುಕ್ಕರ್ ಕೂಗಿದರೂ ಅದು ಯಾರದೋ ಮನೆಯ ಕುಕ್ಕರ್ ಅಷ್ಟೇ ಆಗಿತ್ತು. ಉಸಿರು ಮೂಗಿನಲ್ಲಿ ತಣ್ಣಗೆ ಬಂದು ಬೆಚ್ಚಗೆ ಹೋಗುವುದು ಗೊತ್ತಾಗುತ್ತಿತ್ತು. ಪರವಾಗಿಲ್ಲ, ಬಂತು ವಿದ್ಯೆ ಎಂದು ಒಳಗೊಳಗೇ ಬೀಗಿದೆ. ಅಷ್ಟರಲ್ಲಿ ನಾಲಿಗೆಯ ತುದಿಗೆ ಒಂದು ಕೂಗು ಬಂದು ನಿಂತಿತು. 'ತಮ್ಮಾ, ಹೆಲ್ಮೆಟ್ಟು.' ಹೊರಗೆ ಬರಲಿಲ್ಲ, ಒಳಗೂ ಹೋಗಲಿಲ್ಲ. ನಾನು ಕಣ್ಣು ಬಿಟ್ಟು, ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಮೆಟ್ಟಿಲಿಳಿದು ಮನೆಗೆ ಬಂದೆ.

ನಾಲ್ಕು ವರ್ಷದಿಂದ ನನ್ನ ನಿದ್ದೆ ತಿಂದದ್ದು ಇದೇ ಕೂಗು. ಡಾಕ್ಟರಿಗೆ ಅದನ್ನು ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ನನ್ನ ತವರು ಹೂವಿನಹಡಗಲಿಯ ಆಚೆ, ಹೊಳಲಿನ ಹಾದಿಯ ಒಂದು ಹಳ್ಳಿ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು, ಮನೆಯ ಹಿಂದಿನ ತುಂಡು ಹೊಲದಲ್ಲಿ ಮಲ್ಲಿಗೆ ಬೆಳೆಯುತ್ತಿದ್ದ. ಅವ್ವ, ಅವನು, ಅವನ ಹೆಂಡತಿ ಮೂವರೂ ನಸುಕಿನಲ್ಲೇ ಮೊಗ್ಗು ಬಿಡಿಸಿ ಹಡಗಲಿಯ ಮೊದಲ ಬಸ್ಸಿಗೆ ಹಾಕುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮಗಳಿಗೆ ಅಪ್ಪನ ಜಾಗದಲ್ಲಿ ನಿಂತವನು ಆ ಸೋದರಮಾವನೇ. ಹರಪನಹಳ್ಳಿಯಿಂದ ಅವಳಿಗೊಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಮಾತು ಪಕ್ಕಾ ಮಾಡಿಕೊಂಡು ಬರಲು ಮಾವನೇ ಹೋಗಬೇಕಿತ್ತು. ನಾನು ಹಿಂದಿನ ದಿನವೇ ತವರಿಗೆ ಹೋಗಿ ಕೂತಿದ್ದೆ.

ಆ ಬೆಳಿಗ್ಗೆ ಅವ್ವ ಅವನ ಹಣೆಗೆ ಕುಂಕುಮ ಹಚ್ಚಿ ಬಾಯಿಗೆ ಸಕ್ಕರೆ ಹಾಕಿದಳು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹೋಗಿ ಬರ್ತೀನಿ ಎಂದು ಹೇಳಿ ಹೊಸ್ತಿಲು ದಾಟಿ ಅಂಗಳಕ್ಕಿಳಿದ. ನಾನು ಪಡಸಾಲೆಯಲ್ಲಿ ನಿಂತಿದ್ದೆ. ಕಟ್ಟೆಯ ಮೇಲೆ ಹೂವಿನ ಒದ್ದೆ ಚೀಲದ ಪಕ್ಕದಲ್ಲಿ ಅವನ ಹೆಲ್ಮೆಟ್ ಇತ್ತು. ಅವನು ಬೈಕನ್ನು ತಿರುಗಿಸಿ ಕಿಕ್ ಹೊಡೆಯುತ್ತಿದ್ದ. ಹತ್ತು ಮಾರು ದೂರವೂ ಇರಲಿಲ್ಲ.

ನಮ್ಮ ಕಡೆ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ. ಎಲ್ಲಿಗೆ ಹೊರಟಿರಿ ಎಂದೂ ಕೇಳುವುದಿಲ್ಲ. ಹಾಗೆ ಕರೆದರೆ ಅವರು ತಿರುಗಿ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅಷ್ಟು ಮಾಡಿದರೂ ಹೋದ ಕೆಲಸ ಕೈಗೂಡುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಉಳಿದ ದಿನವಾಗಿದ್ದರೆ ನಾನು ಒದರಿಬಿಡುತ್ತಿದ್ದೆ. ಆದರೆ ಅವನು ಹೊರಟದ್ದು ನನ್ನ ಮಗಳ ಕೆಲಸಕ್ಕೆ. ಬಾಯಿ ತೆರೆದೆ, ಮುಚ್ಚಿದೆ. ಮೂಢನಂಬಿಕೆಯ ಪಾಠವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದವಳು ನಾನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ಬೈಕು ಬೇವಿನ ಮರದ ತಿರುವು ದಾಟಿ ಹೋಯಿತು.

ಹರಪನಹಳ್ಳಿ ಮುಟ್ಟಲು ಇನ್ನೂ ಸ್ವಲ್ಪ ದೂರವಿರುವಾಗ, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಎದುರಿಗೆ ಬಂದಿತಂತೆ. ಇವನು ಬದಿಗೆ ಸರಿಯಲು ಹೋಗಿ ಜಾರಿ ಬಿದ್ದನಂತೆ. ಮೈಮೇಲೆ ಒಂದು ಗೀರಿಲ್ಲ, ಪೆಟ್ಟಾದದ್ದು ತಲೆಗೆ ಮಾತ್ರ. ಮಣ್ಣು ಕೊಡಲು ಬಂದವರೆಲ್ಲ ಅದನ್ನೇ ಹೇಳಿದರು. ಮೈಮೇಲೆ ಒಂದು ಗೀರಿಲ್ಲ ನೋಡ್ರಿ ಎಂದು ಒಬ್ಬರಿಂದೊಬ್ಬರು ಕೇಳಿ ಹೇಳಿದರು.

ಫೋನು ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸವನ್ನು ಇಲ್ಲಿ ಹೇಳಲೇಬೇಕು. ಅವ್ವ ಎದೆ ಬಡಿದುಕೊಳ್ಳುತ್ತ ಬೀದಿಗೆ ಓಡಿದಳು, ತಮ್ಮನ ಹೆಂಡತಿ ಅವಳ ಹಿಂದೆ ಓಡಿದಳು. ನಾನು ಕಟ್ಟೆಯ ಮೇಲಿನ ಹೆಲ್ಮೆಟ್ಟನ್ನು ಒಂದು ಗೋಣಿಚೀಲದಲ್ಲಿ ಹಾಕಿ ಅಟ್ಟದ ಮೂಲೆಗೆ ತಳ್ಳಿದೆ. ಮೂರನೆಯ ದಿನ ಯಾರೋ ಹಿರಿಯರು ಹೆಲ್ಮೆಟ್ ಹಾಕಿದ್ದಿಲ್ಲೇನು ಎಂದು ಕೇಳಿದಾಗ, ಹಾಕಿಕೊಂಡೇ ಹೋಗಿದ್ದ, ಬಿದ್ದ ಜಾಗದಲ್ಲಿ ಯಾರೋ ಎತ್ತಿಕೊಂಡು ಹೋಗಿರಬೇಕು ಎಂದೆ. ಎಲ್ಲರೂ ನಂಬಿದರು. ಟೀಚರ್ ಸುಳ್ಳು ಹೇಳುವುದಿಲ್ಲವಲ್ಲ. ಆ ಸಂಬಂಧವೂ ಮುರಿಯಿತು. ಇದೇ ಕೆಲಸಕ್ಕೆ ಹೊರಟ ಮಾವ ಹೀಗಾದ ಮೇಲೆ ಮುಂದುವರಿಸುವುದು ಬೇಡ ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದರು. ಮಗಳಿಗೆ ಎರಡು ವರ್ಷದ ಮೇಲೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ನಾನು ಆ ದಿನ ಬಾಯಿ ಮುಚ್ಚಿಕೊಂಡು ಏನನ್ನು ಉಳಿಸಿದೆ ಎಂದು ಕೇಳಿದರೆ ಏನನ್ನೂ ಉಳಿಸಲಿಲ್ಲ.

ಮಾಳಿಗೆಯಿಂದ ಓಡಿ ಬಂದವಳು ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಡ್ರೈವರ್ ಕಾಕಾ ಸಿಕ್ಕರು. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, ನಿಮ್ಮ ಧ್ಯಾನದಿಂದ ಇದ್ದ ನೆಮ್ಮದಿಯೂ ಹೋಯಿತು ಎಂದು ರೇಗಿದೆ. ತರಕಾರಿಯವಳು ಕೈ ನಿಲ್ಲಿಸಿ ನಮ್ಮನ್ನೇ ನೋಡಿದಳು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ.

"ಬಸ್ ನಿಂದ್ರಿಸಿದ ಕೂಡ್ಲೇ ಇಂಜಿನ್ ತಣ್ಣಗ ಆಗಂಗಿಲ್ರಿ ಟೀಚರ್," ಎಂದರು. "ಓಡೋತನಕ ಗೊತ್ತಾಗಂಗಿಲ್ಲ, ನಿಂತಾಗ ಬಾನೆಟ್ ಮುಟ್ಟಿ ನೋಡ್ರಿ, ಕೈ ಸುಡತೈತಿ. ಅದಕ್ಕ ನಾನೇನ್ ಮಾಡ್ಲಿ, ನನಗೂ ಇಷ್ಟ ಗೊತ್ತಿರೋದು."

ನನಗೂ ಇಷ್ಟೇ ಗೊತ್ತಿರೋದು ಎಂದದ್ದಕ್ಕೆ ಆ ಮನುಷ್ಯನ ಮೇಲೆ ನಂಬಿಕೆ ಬಂತು. ಮರುದಿನ ಹೋಗಿ ಕೂತೆ. ಕೂಗು ಬಂತು. ಎದ್ದು ಓಡಲಿಲ್ಲ. ಅದರ ಮರುದಿನವೂ ಬಂತು. ಒಂದು ತಿಂಗಳು ದಿನಾ ಬೆಳಿಗ್ಗೆ ಆ ಅಂಗಳ, ಆ ಬಿಳಿ ಅಂಗಿಯ ಬೆನ್ನು, ಕಟ್ಟೆಯ ಮೇಲಿನ ಹೆಲ್ಮೆಟ್ಟು. ಕಣ್ಣೀರು ಕುತ್ತಿಗೆಗೆ ಇಳಿದರೂ ಒರೆಸಿಕೊಳ್ಳದೆ ಕೂತೆ. ಜಗಳ ಬಿಟ್ಟ ಮೇಲೆ ನಿಧಾನಕ್ಕೆ ಒಂದು ಮಾತು ಸ್ಪಷ್ಟವಾಯಿತು. ಇದನ್ನು ಉಸಿರಿಗೆ ಹೇಳಿ ಪ್ರಯೋಜನವಿಲ್ಲ. ಇದು ತಮ್ಮನ ಹೆಂಡತಿಗೆ ಹೇಳಬೇಕಾದ ಮಾತು. ಅವಳು ಮನೆ ಬಿಟ್ಟು ಹೊರಗೆ ಹಾಕಿದರೆ ಹಾಕಲಿ, ತವರು ಕಳೆದುಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೆ. ಗಟ್ಟಿ ಮಾಡಿಕೊಂಡೆ ಎಂದು ಬರೆಯುವುದು ಸುಲಭ. ದಸರಾ ರಜೆಗೆ ಬಸ್ಸು ಹತ್ತಿದವಳು ಹಡಗಲಿಯಲ್ಲಿ ಇಳಿದ ಕೂಡಲೇ ವಾಪಸು ಹೋಗುವ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದೆ.

ಎರಡು ದಿನ ಹೇಳಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು, ತಮ್ಮನ ಹೆಂಡತಿ ಇಬ್ಬರೂ ಸೊಂಟಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡು ಮಲ್ಲಿಗೆ ಸಾಲಿನ ಆ ಕಡೆ ಈ ಕಡೆ ನಿಂತು ಮೊಗ್ಗು ಬಿಡಿಸುತ್ತಿದ್ದೆವು. ಅವಳೀಗ ಒಬ್ಬಳೇ ಹೊಲ ನೋಡಿಕೊಳ್ಳುತ್ತಾಳೆ, ಅವ್ವನನ್ನೂ ನೋಡಿಕೊಳ್ಳುತ್ತಾಳೆ. ಮಾತು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆ. ನಡುವೆ ಗಿಡವಿದ್ದದ್ದರಿಂದ ನನಗೆ ಅವಳ ಮುಖ ಪೂರ್ತಿ ಕಾಣುತ್ತಿರಲಿಲ್ಲ, ಅಷ್ಟು ಅನುಕೂಲ ಸಾಕಾಯಿತು. ಎಲ್ಲ ಹೇಳಿದೆ. ಕಟ್ಟೆಯ ಮೇಲಿದ್ದದ್ದನ್ನು ನೋಡಿದ್ದೆ, ಮಗಳ ಕೆಲಸ ಕೆಡುತ್ತದೆಂದು ಕರೆಯಲಿಲ್ಲ, ಆಮೇಲೆ ಅಟ್ಟಕ್ಕೆ ಹಾಕಿ ಸುಳ್ಳು ಹೇಳಿದೆ ಎಂದೆ.

ಅವಳ ಕೈ ನಿಲ್ಲಲಿಲ್ಲ. ಮೊಗ್ಗು ಅರಳುವ ಮೊದಲು ಸಾಲು ಮುಗಿಯಬೇಕಿತ್ತು.

"ಅಟ್ಟದಾಗಿನ ಚೀಲ ನನಗ ಅವಾಗೇ ಸಿಕ್ಕೈತಿ ಅಕ್ಕಾ," ಎಂದಳು. "ನಾನು ಅದನ್ನ ಅಲ್ಲೇ ಇಟ್ಟೀನಿ. ನಾನೂ ನೋಡಿದ್ದೆ. ಅಡಗಿಮನಿ ಬಾಗಿಲದಾಗ ನಿಂತಿದ್ದೆ, ಕೈಯಾಗ ರೊಟ್ಟಿ ಹಿಟ್ಟಿತ್ತು. ನಿಮ್ಮ ಮುಖಾನೇ ನೋಡ್ತಿದ್ದೆ. ನೀವು ಬಾಯಿ ತೆರದ್ರಿ, ಕರೀತೀರಿ ಅಂದ್ಕಂಡೆ. ಮುಚ್ಚಿಬಿಟ್ರಿ."

ನೀನಾದರೂ ಕರೆಯಬಹುದಿತ್ತಲ್ಲ ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ನಾಚಿಕೆಗೆಟ್ಟ ನಾಲಿಗೆ, ನಾಲ್ಕು ವರ್ಷವಾದರೂ ತಪ್ಪಿನ ಪಾಲು ಹಂಚಲು ಒಬ್ಬರು ಸಿಕ್ಕರೆಂದು ಓಡಿ ಹೋಯಿತು.

ಅವಳು ಆಗ ಕೈ ನಿಲ್ಲಿಸಿದಳು. ಗಿಡದ ಮೇಲಿನಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಮಕ್ಕಳಿಗೆ ಮರೆತ ಪಾಠ ನೆನಪು ಮಾಡಿಕೊಡುವಂತೆ ಮೆಲ್ಲಗೆ ಹೇಳಿದಳು. "ಮದುವಿಯಾಗಿ ಬಂದ ಹೊಸದಾಗ ಒಮ್ಮಿ ಕರದಿದ್ದೆ. ಹೂವಿನ ಬುಟ್ಟಿ ಬಿಟ್ಟು ಹೊಂಟಿದ್ರು, ಹಿಂದಿಂದ ಕೂಗಿದೆ. ನೀವು ಬಂದಿದ್ರಿ ಆವತ್ತು. ಎಲ್ಲಾರ ಮುಂದ ಬೈದ್ರಿ, ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು ಅಂದ್ರಿ. ಅವತ್ತಿಂದ ನಾನು ಅವರನ್ನ ಹಿಂದಿಂದ ಎಂದೂ ಕರದಿಲ್ಲ ಅಕ್ಕಾ."

ನನಗೆ ಅದು ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಇಲ್ಲ. ದಿನಕ್ಕೆ ಹತ್ತು ಮಂದಿಯನ್ನು ಗದರಿಸಿದವಳಿಗೆ ಯಾವುದು ಯಾರ ಎದೆಯಲ್ಲಿ ಕೂತಿತು ಎಂದು ಹೇಗೆ ಗೊತ್ತಿರಬೇಕು. ಅವಳು ಸುಳ್ಳು ಹೇಳುವವಳಲ್ಲ. ಹದಿನಾಲ್ಕು ವರ್ಷ ಆ ಮಾತನ್ನು ಇಟ್ಟುಕೊಂಡಿದ್ದಳು, ತಮ್ಮ ಹೊರಟ ಬೆಳಿಗ್ಗೆಯೂ ಅದನ್ನು ಪಾಲಿಸಿದಳು. ಅವಳು ಮತ್ತೆ ಮೊಗ್ಗು ಬಿಡಿಸತೊಡಗಿದಳು, ಸ್ವಲ್ಪ ಹೊತ್ತಿನ ಮೇಲೆ ನಾನೂ ಬಿಡಿಸಿದೆ. ಆ ದಿನ ಬಸ್ಸಿಗೆ ಹೂವು ಸರಿಯಾದ ಹೊತ್ತಿಗೇ ಹೋಯಿತು.

ಊರಿಗೆ ಬಂದ ಮೇಲೆ ಮತ್ತೆ ಮಾಳಿಗೆಗೆ ಹೋಗುತ್ತಿದ್ದೇನೆ. ಆ ಕೂಗು ಒಂದು ದಿನವೂ ಬಂದಿಲ್ಲ. ಬಿ.ಪಿ. ಇಳಿದಿದೆ, ಡಾಕ್ಟರು ಒಂದು ಗುಳಿಗೆ ಕಡಿಮೆ ಮಾಡಿದ್ದಾರೆ. ಮೊನ್ನೆ ಕಾಕಾ, ಮನಸ್ಸು ಶಾಂತ ಆತೇನ್ರಿ ಟೀಚರ್ ಎಂದು ಕೇಳಿದರು. ಹೂಂ ಎಂದೆ, ಅದು ಸುಳ್ಳಲ್ಲ. ಕಣ್ಣು ಮುಚ್ಚಿದರೆ ಯಾವ ಸದ್ದೂ ಇರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡು ಅವಳು ನಿಂತಿರುತ್ತಾಳೆ. ಕರೆಯಲೇ ಎಂದು ನನ್ನ ಮುಖ ನೋಡುತ್ತಿರುತ್ತಾಳೆ.