ಆರು ಆಟ ಬಾಕಿ ಇದ್ದಾಗ

ಎಮಿಲ್ ಹ್ರಿವ್ನಾಕನಿಗೆ ಮನೆ ಅಂತ ಒಂದಿತ್ತು. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಅವನು ವಾಸ ಮಾಡುತ್ತಿದ್ದದ್ದು ಗ್ಯಾರೇಜಿನಲ್ಲಿ. ಲೊರೇನ್ ಊರಿನ ನಮ್ಮ ಬೀದಿಯಲ್ಲಿ ಇದೇನೂ ವಿಶೇಷವಲ್ಲ. ಗ್ಯಾರೇಜಿನ ಬಾಗಿಲು ಮೇಲೆತ್ತಿ, ಮಡಿಸುವ ಕುರ್ಚಿ ಎರಡು ಹಾಕಿ, ರೇಡಿಯೋ ಹಚ್ಚಿ ಬೀದಿಗೆ ಮುಖ ಮಾಡಿ ಕೂತರಾಯಿತು. ಸರೋವರದ ಕಡೆಯಿಂದ ಗಾಳಿ ಬರುತ್ತದೆ. ನಾಯಿ ಹಿಡಿದು ಹೋಗುವವರು ನಿಂತು ಬೇಸ್‌ಬಾಲ್ ಸ್ಕೋರ್ ಕೇಳುತ್ತಾರೆ, ಹೇಳಿದರೆ ನಮ್ಮ ತಂಡವನ್ನು ಬೈದುಕೊಂಡು ಮುಂದೆ ಹೋಗುತ್ತಾರೆ. ಆ ಎರಡನೆಯ ಕುರ್ಚಿ ನನ್ನದು. ಇಪ್ಪತ್ತಾರು ವರ್ಷ ಅದರಲ್ಲಿ ಕೂತಿದ್ದೇನೆ.

ನಾವಿಬ್ಬರೂ ಉಕ್ಕಿನ ಕೊಳವೆ ಮಾಡುವ ಕಾರ್ಖಾನೆಯಲ್ಲಿದ್ದವರು. ನಾನು ಇಪ್ಪತ್ತೆಂಟು ವರ್ಷ, ಅವನು ಮೂವತ್ತನಾಲ್ಕು. ಅಲ್ಲಿನ ಸದ್ದಿಗೆ ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಹಾಗಾಗಿ ಎಮಿಲನ ರೇಡಿಯೋ ಅಂದರೆ ಬೀದಿಯ ರೇಡಿಯೋ. ಆಳು ಕುಳ್ಳ, ಹೆಗಲು ಅಗಲ, ಮಾತು ಕಮ್ಮಿ. ಊಟಕ್ಕೆ ಕರೆದರೆ ಮೂರು ಸಲ ಬೇಡ ಅಂದು ನಾಲ್ಕನೆಯ ಸಲ ಬಂದು ಕೋಸು-ಶಾವಿಗೆಯ ಹಲುಷ್ಕಿಯನ್ನು ಎಲ್ಲರಿಗಿಂತ ಜಾಸ್ತಿ ತಿನ್ನುವವನು. ತನಗೆ ಬೇಕಾದದ್ದನ್ನು ಬೇಕು ಅಂತ ಬಾಯಿಬಿಟ್ಟು ಕೇಳಿದ್ದನ್ನು ನಾನು ಒಂದು ಸಲ ಬಿಟ್ಟರೆ ನೋಡಿಲ್ಲ. ಬೇರೆಯವರು ಹೇಳಬೇಕು, ಇವನು ಗೊಣಗಿಕೊಂಡು ಒಪ್ಪಬೇಕು. ಮದುವೆಯೂ ಹಾಗೇ ಆದದ್ದು. ಬೊಜೆನಾಳೇ ಬಂದು, ಮುಂದಿನ ತಿಂಗಳು ಚರ್ಚಿನಲ್ಲಿ ದಿನ ಖಾಲಿ ಇದೆ, ಏನು ಹೇಳುತ್ತೀಯ ಅಂತ ಕೇಳಿದಳಂತೆ.

ಹನ್ನೊಂದನೆಯ ವಯಸ್ಸಿನಿಂದ ನಮ್ಮ ತಂಡದ ಒಂದೊಂದು ಆಟವನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ವರ್ಷಕ್ಕೆ ನೂರ ಅರವತ್ತೆರಡು ಆಟ. ಪ್ರತಿ ಎಸೆತ, ಪ್ರತಿ ಹೊಡೆತ, ಯಾರು ಓಡಿದ, ಯಾರು ಔಟಾದ, ಎಲ್ಲ ಪೆನ್ಸಿಲಿನಲ್ಲಿ. ಪಾಳಿ ಬಿದ್ದ ದಿನ ಅವನ ಬದಲು ಬೊಜೆನಾ ಕೂತು ಬರೆಯುತ್ತಿದ್ದಳು. ನಮ್ಮವರು ತೀರ ಕೆಟ್ಟದಾಗಿ ಆಡಿದರೆ ಅವಳು ಆ ಚೌಕದಲ್ಲಿ ಪುಟ್ಟದೊಂದು ಶಿಲುಬೆ ಹಾಕುತ್ತಿದ್ದಳು. ಅವಳ ಪುಟಗಳು ಮಸಣದ ಹಾಗೆ ಕಾಣುತ್ತಿದ್ದವು. ಅವಳನ್ನು ಮಣ್ಣು ಮಾಡಿದ ದಿನ ಮಳೆಗೆ ಆಟ ರದ್ದಾಯಿತು. ತಂಡ ಮರ್ಯಾದೆ ಉಳಿಸಿಕೊಂಡಿತು ಅಂತ ಎಮಿಲ್ ಬಹಳ ದಿನ ಹೇಳಿಕೊಂಡ.

ಈಗ ನನ್ನ ಮಾತು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಹೆಸರು ರೂಡಿ ಪಾಲ್ಕೊ. ಊರಲ್ಲಿ ಕರೆಯುವುದು 'ಏಳನೇ ರೂಡಿ' ಅಂತ. ಹಲವು ವರ್ಷದ ಹಿಂದೆ ಒಂದು ಸಂಜೆ ಚರ್ಚಿನ ಹಾಲ್‌ನಲ್ಲಿ ನಾವೆಲ್ಲ ಆಟ ನೋಡುತ್ತಿದ್ದೆವು. ಒಂಬತ್ತು ಇನ್ನಿಂಗ್ಸಿನಲ್ಲಿ ಏಳನೆಯದು ನಡೆಯುತ್ತಿತ್ತು. ನಮ್ಮವರು ಎಂಟು ರನ್ ಹಿಂದೆ. ನಾನು ಎದ್ದು, "ಮುಗೀತು ಕಣ್ರೋ, ಹೆಣ ಎತ್ತಿ" ಅಂದು ಮನೆಗೆ ಹೋಗಿ ಮಲಗಿಬಿಟ್ಟೆ. ಅವರು ಗೆದ್ದುಬಿಟ್ಟರು. ಊರಿಗೆ ಊರೇ ಬೀದಿಗೆ ಬಂದು ಕುಣಿಯಿತಂತೆ, ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಅಂದಿನಿಂದ ಹೆಸರು ಅಂಟಿತು. ನನ್ನ ಇಪ್ಪತ್ತೈದನೆಯ ಮದುವೆ ವಾರ್ಷಿಕೋತ್ಸವದ ಕೇಕಿನ ಮೇಲೂ ಯಾವನೋ ಏಳು ಅಂತ ಬರೆಸಿದ್ದ. ಪಾದ್ರಿಗಳು ಕೂಡ ಬಿಡಲಿಲ್ಲ. ಆ ಹೆಸರಿನಿಂದ ನನ್ನನ್ನು ಕರೆಯದಿದ್ದವನು ಎಮಿಲ್ ಒಬ್ಬನೇ.

ನಮ್ಮಲ್ಲಿ ಅದು ಸಣ್ಣ ತಪ್ಪಲ್ಲ. ತಂಡವನ್ನು ಬಾಯಿಗೆ ಬಂದ ಹಾಗೆ ಬೈಯಬಹುದು, ಮಾಲೀಕನ ಅಜ್ಜಿಯನ್ನೂ ಬಿಡಬೇಕಾಗಿಲ್ಲ. ಆದರೆ ಲೆಕ್ಕದಲ್ಲಿ ಒಂದೇ ಒಂದು ದಾರಿ ಉಳಿದಿರುವವರೆಗೂ 'ಮುಗೀತು' ಅನ್ನುವ ಹಾಗಿಲ್ಲ. ಅಂದವನು ಅದನ್ನು ಸಾಯುವವರೆಗೆ ಹೊರಬೇಕು.

ಈ ವರ್ಷ ಆಗಸ್ಟ್‌ವರೆಗೆ ನಮ್ಮವರು ಚೆನ್ನಾಗಿಯೇ ಇದ್ದರು. ಆಮೇಲೆ ಹಿಡಿದ ಗ್ರಹಚಾರ ಬಿಡಲಿಲ್ಲ. ಮೊದಲು ಎಸೆಯಲು ಬರುವ ಐದು ಜನರಲ್ಲಿ ಇಬ್ಬರಿಗೆ ತೋಳು ಹೋಯಿತು. ಕೊನೆಯ ಇನ್ನಿಂಗ್ಸಿಗೆ ಅಂತ ಇಟ್ಟುಕೊಂಡಿದ್ದ ಎಸೆತಗಾರ ಕೈಗೆ ಬಂದ ಆಟ ನಾಲ್ಕನ್ನು ಸಾಲಾಗಿ ಬಿಟ್ಟುಕೊಟ್ಟ. ಮೂರನೆಯ ಬೇಸಿನಲ್ಲಿ ನಿಲ್ಲುವವನಿಗೆ ಎಡಗೈ ಎಸೆತಗಾರ ಬಂದರೆ ಕಣ್ಣೇ ಕಾಣುವುದಿಲ್ಲ. ಅಕ್ಟೋಬರ್‌ನ ಅಂತಿಮ ಸುತ್ತಿನ ಆಟಗಳಿಗೆ ಹೋಗಲು ಉಳಿದದ್ದು ಕಟ್ಟಕಡೆಯ ಒಂದು ಸ್ಥಾನ. ಅದರ ಮೇಲೆ ಕೂತಿದ್ದ ತಂಡ ನಮಗಿಂತ ಮೂರು ಆಟ ಮುಂದಿತ್ತು. ಅವರಿಗೆ ಉಳಿದಿದ್ದ ಎದುರಾಳಿಗಳೋ, ಈಗಾಗಲೇ ಮೂಟೆ ಕಟ್ಟಿ ಮನೆಗೆ ಹೊರಟು ನಿಂತವರು. ಸಂಜೆ ಹೊತ್ತು ನಾನೂ ಎಮಿಲನೂ ಇದನ್ನೇ ಅಗೆದು ಅಗೆದು ನೋಡುತ್ತಿದ್ದೆವು. ನಮ್ಮವರು ಇಂಥ ದಿನ ಗೆದ್ದು, ಅವರು ಇಂಥ ದಿನ ಸೋತು, ತೋಳು ಹೋದವರ ಬದಲು ಬಂದ ಹೊಸ ಎಸೆತಗಾರನ ಕೈ ಒಂದು ವಾರ ತಡೆದುಕೊಂಡರೆ? ಬಾಯಲ್ಲಿ ಅನ್ನುತ್ತಿದ್ದೆ, ಮನಸ್ಸಿನಲ್ಲಿ ನಂಬಿಕೆ ಇರಲಿಲ್ಲ. ಸತ್ತ ತಂಡದ ವಾಸನೆ ನನಗೆ ಗೊತ್ತು.

ಇಷ್ಟರ ನಡುವೆ ಎಮಿಲನ ಎದೆ ಕೆಟ್ಟಿತ್ತು. ಜುಲೈನಲ್ಲಿ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಾ ಬಿದ್ದ. ಹೃದಯದ ಕವಾಟ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದೆ, ಬದಲಿಸಬೇಕು, ತಡ ಮಾಡಬಾರದು ಅಂದರು ಡಾಕ್ಟರು. ಸೆಪ್ಟೆಂಬರ್ ಮೊದಲ ವಾರಕ್ಕೆ ದಿನ ಕೊಟ್ಟರೆ ಇವನು ಒಲ್ಲೆ ಅಂದ. ಆಟ ಮುಗಿಯಲಿ, ನಮ್ಮವರು ಹೊರಬಿದ್ದ ಮಾರನೆಯ ದಿನವೇ ಬರುತ್ತೇನೆ, ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಬಿಡಲಾರೆ ಅಂತ ಹಟ ಹಿಡಿದ. ನಾನು ಬರೆದುಕೊಡುತ್ತೇನೆ ಅಂದೆ. ನಿನ್ನ ಅಕ್ಷರ ನಿನಗೇ ಓದಲು ಬರುವುದಿಲ್ಲ ಅಂದ. ಅದು ನಿಜ.

ಅವನ ಮಗಳು ಪಾವ್ಲಾ ಕೌಂಟಿ ಬಸ್ಸಿನ ಡ್ರೈವರ್. ಐವತ್ತರ ಹತ್ತಿರದವಳು, ತಾಯಿಯ ಹಾಗೆ ನೇರ ಮಾತು. ಆಟವೆಂದರೆ ಆಗದವಳು ಆ ತಿಂಗಳು ದಿನಾ ಬೆಳಿಗ್ಗೆ ಎದ್ದು ಸ್ಕೋರ್ ನೋಡತೊಡಗಿದಳು. ತಂಡ ಎಷ್ಟು ಬೇಗ ಸತ್ತರೆ ಅಪ್ಪ ಅಷ್ಟು ಬೇಗ ಆಸ್ಪತ್ರೆಗೆ ಹೋಗುತ್ತಾನೆ. ಒಂದು ದಿನ ಬೇಲಿಯ ಹತ್ತಿರ ನಿಂತು ಹೇಳಿದಳು, "ಈ ಮನೇಲಿ ಹುಟ್ಟಿ ಇವರು ಸೋಲಲಿ ಅಂತ ಮೊಂಬತ್ತಿ ಹಚ್ತಿದ್ದೀನಿ ಅಂಕಲ್. ಅಮ್ಮ ಇದ್ದಿದ್ರೆ ಕಪಾಳಕ್ಕೆ ಹೊಡೀತಿದ್ಲು." ನಾನು ನಕ್ಕೆ. ಆದರೆ ಅಂದು ಸಂಜೆ ನಮ್ಮವರು ರನ್ ಹೊಡೆದಾಗ ಎಮಿಲನ ಬೂದಿ ಬಣ್ಣದ ಮುಖ ನೋಡಿ, ಛೇ ಅಂದುಕೊಂಡೆ. ಅರವತ್ತು ವರ್ಷದಲ್ಲಿ ಅದೇ ಮೊದಲು.

ಸೆಪ್ಟೆಂಬರ್ ಕೊನೆಯ ಸೋಮವಾರ ಆಟ ಇರಲಿಲ್ಲ. ಆರು ಆಟ ಬಾಕಿ. ನಮ್ಮ ಸೋಲು, ಅವರ ಗೆಲುವು ಎರಡೂ ಸೇರಿ ನಾಲ್ಕಾದರೆ ನಾವು ಹೊರಗೆ. ಅಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಬುಧವಾರಕ್ಕೆ ಇದ್ದ ರೋಗಿಯೊಬ್ಬರಿಗೆ ಜ್ವರ, ಆ ಜಾಗ ಖಾಲಿಯಾಗಿದೆ, ಸಂಜೆ ಐದರೊಳಗೆ ಹೇಳಿದರೆ ಎಮಿಲನಿಗೆ ಕೊಡುತ್ತೇವೆ, ಇಲ್ಲವಾದರೆ ಮುಂದಿನದು ಮೂರು ವಾರಕ್ಕೆ. ಮೂರು ವಾರ ಕಾಯುವುದು ತನಗೆ ಇಷ್ಟವಿಲ್ಲ ಅಂತ ಡಾಕ್ಟರೇ ಹೇಳಿದರಂತೆ.

ಎರಡು ಗಂಟೆಗೆ ಪಾವ್ಲಾ ನನ್ನ ಅಡುಗೆಮನೆಗೆ ಬಂದಳು. ನಾನು ಮೆಣಸಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದೆ. ಅವಳು ಕೂರಲೇ ಇಲ್ಲ.

"ನಾನು ಹೇಳಿದ್ರೆ ಕೇಳಲ್ಲ ಅವರು. ನೀವು ಹೇಳಿ. ಈ ವರ್ಷ ಆಗಲ್ಲ, ಮುಗೀತು ಅಂತ ಹೇಳಿ. ಅಷ್ಟೇ ಸಾಕು."

"ಅಷ್ಟೇನಾ?"

"ಅಷ್ಟೇ ಅಂಕಲ್. ಸುಳ್ಳೇನೂ ಹೇಳಬೇಕಾಗಿಲ್ಲವಲ್ಲ."

ಸುಳ್ಳಲ್ಲ ನಿಜ. ಕೈ ತೊಳೆದುಕೊಂಡು ಹೊರಟೆ. ರಸ್ತೆ ದಾಟುವಾಗ ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡೆ.

ಗ್ಯಾರೇಜಿನ ಬಾಗಿಲು ತೆರೆದಿತ್ತು, ರೇಡಿಯೋ ಹಚ್ಚಿರಲಿಲ್ಲ. ಎಮಿಲ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ದುರದೃಷ್ಟಕ್ಕೆ ಅವನ ಎದುರಿಗೆ ಲಿಯೋ ಸಾಬೊ ನಿಂತಿದ್ದ. ಈ ಲಿಯೋ ಚರ್ಚಿನ ಹಾಲ್‌ನ ನೋಟಿಸ್ ಬೋರ್ಡ್ ಇದ್ದ ಹಾಗೆ. ಅವನ ಕಿವಿಗೆ ಬಿದ್ದದ್ದು ಶುಕ್ರವಾರದ ಮೀನಿನ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ನನ್ನನ್ನು ನೋಡಿದ್ದೇ ಅವನ ಮುಖ ಅರಳಿತು.

"ಬಂದ ನೋಡು. ಏನಂತಾನೆ ನಮ್ಮ ಏಳನೇ ರೂಡಿ? ಚಟ್ಟ ಕಟ್ಟೋಕೆ ಶುರು ಮಾಡೋಣವಾ?"

ಎಮಿಲ್ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ, ತನ್ನ ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು.

"ನಿಜ ಹೇಳು ರೂಡಿ. ನಿನಗೇನನ್ಸುತ್ತೆ? ಆಗುತ್ತಾ ಇವರ ಕೈಲಿ?"

ಅವನೇ ಕೇಳಿದ್ದ. ಇದಕ್ಕಿಂತ ಸಲೀಸು ಇನ್ನೇನಿದೆ? ಆ ಒಂದು ಮಾತು ನನ್ನ ನಾಲಗೆಯ ಮೇಲೇ ಇತ್ತು. ಆದರೆ ಲಿಯೋ ಹಲ್ಲು ಕಿರಿದುಕೊಂಡು ಕಾಯುತ್ತಿದ್ದ. ಇಷ್ಟು ವರ್ಷ ಹೊತ್ತದ್ದು ಸಾಲದೆ ಇನ್ನೊಂದನ್ನೂ ಹೊರಬೇಕೇ ಅನ್ನಿಸಿತು. ಅಕಸ್ಮಾತ್ ಗೆದ್ದುಬಿಟ್ಟರೆ? ಆಮೇಲೆ ಎಮಿಲನೂ ನನ್ನನ್ನು ಆ ಹೆಸರಿನಿಂದಲೇ ಕರೆಯಲು ಶುರು ಮಾಡಿದರೆ? ಒಬ್ಬ ಮನುಷ್ಯನ ಜೀವ ತಕ್ಕಡಿಯಲ್ಲಿರುವಾಗ ಎಪ್ಪತ್ತು ದಾಟಿದ ಮುದುಕ ಯೋಚಿಸಿದ್ದು ಇದನ್ನು. ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

"ಲೆಕ್ಕ ಇನ್ನೂ ಮುಗಿದಿಲ್ಲವಲ್ಲ," ಅಂದೆ.

ಲಿಯೋ ನನ್ನ ಬೆನ್ನು ತಟ್ಟಿದ. ಹೌದು, ಮುಗಿದಿಲ್ಲ ಅಂದ ಎಮಿಲ್. ತಲೆ ತಗ್ಗಿಸಿದ. ಆಸೆ ಚಿಗುರಿತು ಅಂತ ನಾನು ತಿಳಿದೆ. ಲಿಯೋ ಹೋದ ಮೇಲಾದರೂ ಹೇಳಬಹುದಿತ್ತು. ಐದು ಗಂಟೆಯವರೆಗೆ ಅಲ್ಲೇ ಕೂತಿದ್ದೆ, ಹೊಸ ಎಸೆತಗಾರನ ಬಗ್ಗೆ ಮಾತಾಡಿದೆ. ಐದಕ್ಕೆ ಐದು ನಿಮಿಷ ಇರುವಾಗ ಪಾವ್ಲಾ ಗ್ಯಾರೇಜಿಗೆ ಬಂದು ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂದಳು. ನನ್ನ ಮುಖ ನೋಡಲಿಲ್ಲ.

ಆಮೇಲೆ ನಮ್ಮವರು ಗೆದ್ದರು. ಅದಕ್ಕೇನು ಹೇಳಲಿ? ಮಂಗಳವಾರ ಗೆದ್ದರು, ಮುಂದಿದ್ದ ಆ ತಂಡ ಸೋತಿತು. ಬುಧವಾರ ಗೆದ್ದರು, ಅವರು ಮತ್ತೆ ಸೋತರು. ಗುರುವಾರವೂ ಗೆದ್ದರು, ಅಂದು ಅವರೂ ಗೆದ್ದರು. ಮೂರು ಆಟದ ಅಂತರ ಒಂದಕ್ಕೆ ಇಳಿಯಿತು. ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆದವು, ಲಿಯೋ ಬಾಗಿಲಿಗೆ ಬಾವುಟ ಕಟ್ಟಿದ. ನಾನಂತೂ ಬೀಗಿದೆ, ಸರಿಯಾದ ಮಾತನ್ನೇ ಆಡಿದೆ ಅಂತ. ಎಮಿಲ್ ಬರೆಯುತ್ತಿದ್ದ. ಒಂದು ಇನ್ನಿಂಗ್ಸ್ ಬರೆದು ಪೆನ್ಸಿಲ್ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದ. ಗುರುವಾರ ಆಟ ಮುಗಿದಾಗ, ಕುರ್ಚಿಯಿಂದ ಏಳಲು ನನ್ನ ಕೈ ಕೇಳಿದ. ಅವನು ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮೀನಿನ ಪೊಟ್ಟಣ ಹಿಡಿದು ಹೋದೆ. ಅವನು ಕುರ್ಚಿಯಲ್ಲೇ ಇದ್ದ. ಗದ್ದ ಎದೆಗೆ ತಾಗಿತ್ತು. ಆ ದಿನದ ಪುಟದಲ್ಲಿ ಎರಡೂ ತಂಡದ ಆಟಗಾರರ ಹೆಸರು ಬರೆದಿದ್ದ, ಆಟಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು. ಕೈ ಮುಟ್ಟಿ ನೋಡಿದೆ. ಪೊಟ್ಟಣವನ್ನು ಎಲ್ಲಿ ಇಡಬೇಕೋ ತಿಳಿಯದೆ ಹಿಡಿದುಕೊಂಡೇ ಪಾವ್ಲಾಳಿಗೆ ಫೋನ್ ಮಾಡಿದೆ.

ಅಂದು ಸಂಜೆ ನಮ್ಮವರು ಸೋತರು. ಶನಿವಾರ ಇನ್ನೊಮ್ಮೆ ಸೋತರು, ಅತ್ತ ಆ ತಂಡ ಗೆದ್ದಿತು, ನಮ್ಮವರು ಹೊರಬಿದ್ದರು. ಸೋಮವಾರ ಗೋರಿಗೆ ನಾನೂ ಮಣ್ಣು ಹಾಕಿದೆ.

ಮಣ್ಣಾದ ಮೇಲೆ ಹಾಲ್‌ನಲ್ಲಿ ಊಟ. ಕೋಸಿನ ಸುರುಳಿ, ಸಾಸೇಜು, ಅಕ್ರೋಟಿನ ರೊಟ್ಟಿ. ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದರು. ಕೊನೆಯವರೆಗೂ ಅವನ ಆಸೆ ಕೆಡಿಸಲಿಲ್ಲ, ಗೆಳೆಯ ಅಂದರೆ ನೀನು ಅಂದರು. ನಾನು ತಲೆಯಾಡಿಸಿದೆ. ಎಲ್ಲರೂ ಹೊರಟ ಮೇಲೆ ಪಾವ್ಲಾ ಬಂದು ಎದುರಿಗೆ ಕೂತಳು. ಕಪ್ಪು ಉಡುಪಿನಲ್ಲಿ ತೀರ ದಣಿದಿದ್ದಳು.

"ಅಂಕಲ್, ಆ ಸೋಮವಾರ ಬೆಳಿಗ್ಗೆ ಫೋನ್ ಬಂದ ತಕ್ಷಣ ಅಪ್ಪ ಬ್ಯಾಗ್ ತುಂಬಿದ್ರು. ಎರಡು ಪೈಜಾಮ, ಶೇವಿಂಗ್ ಸೆಟ್ಟು, ಅಮ್ಮನ ಫೋಟೋ. ಬಾಗಿಲ ಹಿಂದೆ ಇಟ್ಟಿದ್ರು."

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಮುಂದುವರಿಸಿದಳು.

"ಹೆದರಿಕೆ ಆಗ್ತಿದೆ ಪಾವ್ಲಾ, ನಾನಾಗಿ ನಾನು ಹೊರಡಲಾರೆ ಅಂದ್ರು. ರೂಡಿ ಮುಗೀತು ಅನ್ನಲಿ, ಹೋಗೋಣ ಅಂದ್ರು. ಅವನು ಅಂದೇ ಅಂತಾನೆ, ಅವನಿಗೆ ಆಟ ಗೊತ್ತು ಅಂತ. ಇದನ್ನ ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ನಿಮಗನ್ನಿಸಿದ್ದನ್ನ ನೀವಾಗೇ ಹೇಳಬೇಕಿತ್ತಂತೆ. ಅದಕ್ಕೇ ಅವತ್ತು ಬ್ಯಾಗಿನ ಮಾತು ಎತ್ತದೆ, ಬರೀ ಮುಗೀತು ಅನ್ನಿ ಅಂದೆ."

ಆಮೇಲೆ ಅವಳು ನೇರವಾಗಿ ಕೇಳಿದಳು.

"ನಿಮಗೆ ಅವತ್ತು ಏನನ್ನಿಸಿತ್ತು?"

"ಮುಗೀತು ಅಂತಲೇ ಅನ್ನಿಸಿತ್ತು," ಅಂದೆ.

ಅವಳು ಬೈಯಲಿಲ್ಲ. ಎದ್ದು, ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸತೊಡಗಿದಳು. ನಾನು ಕೂತ ಕುರ್ಚಿಯ ಹತ್ತಿರ ಬಂದಾಗ, ನಾನು ಏಳುವವರೆಗೆ ಸುಮ್ಮನೆ ನಿಂತಳು.