ಗುಬ್ಬಿಯ ಕಡೆ ನೋಡಬೇಡಿ

ಶಿವಮೊಗ್ಗದ ಬಾಡಿಗೆ ಮನೆಗೆ ಬಂದು ಇನ್ನೂ ಪಾತ್ರೆಗಳ ಗಂಟು ಬಿಚ್ಚಿ ಮುಗಿದಿರಲಿಲ್ಲ. ಪಕ್ಕದಲ್ಲೇ ಇರುವ ಮನೆಯೊಡತಿ ಮಂಗಳಕ್ಕ ಹಿತ್ತಿಲ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೆ ಬಂದು, ಒಲೆಯ ಮೇಲಿದ್ದ ಕುಕ್ಕರಿನ ಮುಚ್ಚಳ ತೆಗೆದು ಇಣುಕಿ, "ಇದೇನು, ಇಷ್ಟೇನಾ ಅನ್ನ? ಇಬ್ರಿಗೂ ಸಾಕಾಗುತ್ತಾ?" ಎಂದರು. ಗದಗಿನಿಂದ ನಮ್ಮ ಜೊತೆ ಬಂದಿದ್ದ ನಾಯಿ ಗುಬ್ಬಿ, ಸಿಲಿಂಡರಿಗೂ ಗೋಡೆಗೂ ನಡುವೆ ನುಗ್ಗಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

ಗದಗಿನ ನಮ್ಮ ಓಣಿಯಲ್ಲಿ ಇದು ನಡೆಯುವ ಮಾತಲ್ಲ. ಎಷ್ಟೇ ಸಲಿಗೆಯವರಾದರೂ ಹೊರಗೆ ಕಟ್ಟೆಯ ಹತ್ತಿರ ನಿಂತು "ಅದೀರೇನ್ರಿ ಒಳಗ?" ಎಂದು ಕೂಗುತ್ತಾರೆ. ನಾವು "ಬರ್ರಿ" ಅಂದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ನಾನು ಬಂದು ಸೇರಿದ ಈ ಬೀದಿಯಲ್ಲಿ ಮುಂಬಾಗಿಲು ಹೊರಗಿನವರಿಗೆ, ಹಿತ್ತಿಲ ಬಾಗಿಲು ನಮ್ಮವರಿಗೆ. ಹೇಳದೆ ಕೇಳದೆ ಹಿಂದಿನಿಂದ ಬಂದರು ಎಂದರೆ ನಿಮ್ಮನ್ನು ಒಪ್ಪಿಕೊಂಡರು ಎಂದರ್ಥ. ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳುವುದಕ್ಕೆ ಇದೊಂದು ವಿಷಯವೆಂದೇ ಅವರಿಗೆ ಅನ್ನಿಸಿರಲಿಕ್ಕಿಲ್ಲ.

ನನ್ನ ಗಂಡ ಈರಣ್ಣನಿಗೆ ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲಿನ ಕೆಲಸ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಲ್ಲಿಯವರೆಗೆ ನನಗಿದ್ದವರು ಇಬ್ಬರೇ, ಗುಬ್ಬಿ ಮತ್ತು ಮಂಗಳಕ್ಕ. ತರಕಾರಿಯವನು ನನ್ನ ಮಾತು ಕೇಳಿದರೆ ನಗುತ್ತಿದ್ದ. ಇನ್ನೊಮ್ಮೆ ಹೇಳಿ ಅನ್ನುತ್ತಿದ್ದ, ಪಕ್ಕದವನಿಗೂ ಕೇಳಿಸಲಿ ಎಂದು. ಮಂಗಳಕ್ಕನೂ ನಗುತ್ತಿದ್ದರು, ಆದರೆ ಅವರು ನಕ್ಕರೆ ನೋವಾಗುತ್ತಿರಲಿಲ್ಲ. ಒಂದು ದಿನ ಕಡುಬು ತಂದುಕೊಟ್ಟರು. ಹೂರಣ ತುಂಬಿದ ನಮ್ಮ ಕಡುಬು ಎಂದುಕೊಂಡು ಬಾಯಿಗಿಟ್ಟರೆ ಸಿಹಿಯೇ ಇಲ್ಲ. ಅಕ್ಕಿ ತರಿಯನ್ನು ಉಂಡೆ ಮಾಡಿ ಹಬೆಯಲ್ಲಿ ಬೇಯಿಸುವುದಕ್ಕೆ ಇಲ್ಲಿ ಕಡುಬು ಎನ್ನುತ್ತಾರೆ. ಚಟ್ನಿ ಹಚ್ಚಿಕೊಂಡು ನಾಲ್ಕು ತಿಂದೆ. ರೊಟ್ಟಿ ಇಲ್ಲದೆಯೂ ಹೊಟ್ಟೆ ತುಂಬಿದ ಮೊದಲ ದಿನ ಅದು.

ಗುಬ್ಬಿಯ ಹೊಟ್ಟೆ ಮಾತ್ರ ತುಂಬಲಿಲ್ಲ. ಊರಲ್ಲಿ ಅದು ಓಣಿಗೆಲ್ಲ ಸೇರಿದ ನಾಯಿ. ಸಂಕೋಚದ್ದೇ, ಹೊಸಬರು ಬಂದರೆ ಕಟ್ಟೆಯಿಂದ ಇಳಿದು ಹೋಗುತ್ತಿತ್ತು. ಹೋದರೆ ಹೋಯಿತು, ಯಾರೂ ಅದನ್ನು ಮಾತಾಡಿಸಲು ಬೆನ್ನು ಹತ್ತುತ್ತಿರಲಿಲ್ಲ. ಸಾಮಾನಿನ ಲಾರಿಯಲ್ಲಿ ಅಲ್ಮೇರಾಕ್ಕೆ ಕಟ್ಟಿಹಾಕಿ ತಂದ ದಿನದಿಂದ ಅದರ ಮೈ ನಡುಗುವುದು ನಿಲ್ಲಲಿಲ್ಲ. ಹಗಲು ಅನ್ನ ಮೂಸುತ್ತಿರಲಿಲ್ಲ. ಎಲುಬುಗಳು ಎದ್ದು ಕಾಣತೊಡಗಿದವು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಬೀದಿಗೆ ಬೀದಿಯೇ ಅದರ ಭಯ ಬಿಡಿಸಲು ನಿಂತಿತು. ಬಂದವರೆಲ್ಲ ಬಗ್ಗಿ, ಮುಖಕ್ಕೆ ಮುಖ ಕೊಟ್ಟು, "ಬಾರೇ ಗುಬ್ಬಿ, ಏನು ಮಾಡಲ್ಲ ಬಾ" ಎಂದು ಕೈ ಚಾಚುವವರೇ. ಒಬ್ಬರು ಬಿಸ್ಕತ್ತು, ಒಬ್ಬರು ಬನ್ನು. ಮಂಗಳಕ್ಕ ಯಾರ ಹತ್ತಿರವೋ ಹೋಗಿ ಅಂತ್ರ ತಂದು ಅದರ ಕೊರಳಿಗೆ ಕಟ್ಟಿದರು. ಮಕ್ಕಳು ಬೆಚ್ಚಿದರೆ ಕಟ್ಟುವ ತಾಯತಕ್ಕೆ ಇಲ್ಲಿ ಅಂತ್ರ ಎನ್ನುತ್ತಾರೆ. ಅದನ್ನು ಕಟ್ಟುವಾಗ ಇಬ್ಬರು ಹಿಡಿದುಕೊಂಡರು. ಗುಬ್ಬಿ ಆಮೇಲೆ ಎರಡು ದಿನ ಮಂಚದ ಕೆಳಗಿನಿಂದ ಬರಲಿಲ್ಲ.

ಹೊಳೆಹೊನ್ನೂರಿನ ಕಡೆ ನಾಯಿಗಳಿಗೆ ತರಬೇತಿ ಕೊಡುವವನೊಬ್ಬ ಇದ್ದಾನೆಂದು ಕೇಳಿ ಹೋದೆವು. ಒಣ ಹಾಕಿದ ಅಡಿಕೆ ಕದಿಯಲು ಬಂದವರನ್ನು ಹಿಡಿಯುವ ನಾಯಿಗಳನ್ನು ತಯಾರು ಮಾಡುವುದು ಅವನ ಕಸುಬು. ಕರುವಿನಷ್ಟು ದೊಡ್ಡ ನಾಯಿಗಳು ಸರಪಳಿ ಜಗ್ಗುತ್ತಿದ್ದವು. ಗುಬ್ಬಿಯನ್ನು ಅವನು ಕಾಲಿನ ತುದಿಯಿಂದ ತಿರುಗಿಸಿ ನೋಡಿದ.

"ಒಂದು ತಿಂಗಳು ಬಿಟ್ಟೋಗಿ ಮೇಡಂ. ನಾಲ್ಕು ಏಟು ಬಿದ್ರೆ ತಾನಾಗೇ ಧೈರ್ಯ ಬರುತ್ತೆ."

ಏಟಿನಿಂದ ಧೈರ್ಯ ಬರುವುದಾಗಿದ್ದರೆ ನಮ್ಮ ಎಷ್ಟೋ ಹೆಂಗಸರು ಇಷ್ಟರಲ್ಲಿ ಹುಲಿಗಳಾಗಿರಬೇಕಿತ್ತು. ಗುಬ್ಬಿಯನ್ನು ಎತ್ತಿಕೊಂಡು ವಾಪಸ್ಸು ಬಂದೆ.

ಕೊನೆಗೆ ದಾರಿ ತೋರಿಸಿದವರು ಮಂಗಳಕ್ಕನೇ. ಭದ್ರಾವತಿಯಲ್ಲಿ ಪಶುವೈದ್ಯೆಯೊಬ್ಬರಿದ್ದಾರೆ, ಹೆದರುವ ನಾಯಿಗಳನ್ನೇ ನೋಡುತ್ತಾರೆ, ತಂಗಿಯ ಮಗಳ ನಾಯಿ ಅವರಿಂದಲೇ ಸರಿಹೋಯಿತು ಎಂದು ವಿಳಾಸ ಬರೆಸಿಕೊಟ್ಟರು. ಈರಣ್ಣ ರಜೆ ಹಾಕಿದ. ಆಟೋದಲ್ಲಿ ಗುಬ್ಬಿಯನ್ನು ಚಾದರದಲ್ಲಿ ಸುತ್ತಿಕೊಂಡು ಹೋದೆವು. ಡಾಕ್ಟರಮ್ಮ ಅದನ್ನು ಮುಟ್ಟಲೇ ಇಲ್ಲ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ನಮ್ಮ ಜೊತೆ ಮಾತಾಡಿದರು.

"ಇದಕ್ಕೆ ಈಗ ಬೇಕಾಗಿರೋದು ಪ್ರೀತಿ ಅಲ್ಲ, ಬಿಡುವು. ಯಾರೂ ಇದರ ಕಣ್ಣು ನೋಡಬಾರದು, ಕರೀಬಾರದು, ಮುಟ್ಟಬಾರದು. ಜನ ಹಠಾತ್ತಾಗಿ ಒಳಗೆ ಬರಬಾರದು. ಅದಾಗೇ ಬಂದರೆ ಬರಲಿ. ಇಷ್ಟು ಮಾಡಿದ್ರೆ ಉಳಿಯುತ್ತೆ."

ಮರುದಿನವೇ ಮಂಗಳಕ್ಕ ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು, ತಟ್ಟೆಯಲ್ಲಿ ಕೆಸುವಿನೆಲೆಯ ಪತ್ರೊಡೆ ಹಿಡಿದು, ಡಾಕ್ಟರು ಏನೆಂದರು ಎಂದು ಕೇಳಲು ಹಿತ್ತಿಲಿಂದ ಬಂದರು. ಗುಬ್ಬಿ ಆಗಷ್ಟೇ ತನ್ನ ಅನ್ನದ ತಟ್ಟೆಗೆ ಬಾಯಿ ಹಾಕಿತ್ತು, ಬಿಟ್ಟು ಓಡಿತು. ನಾನು ನಮ್ಮೂರಿನಲ್ಲಿ ಹೇಳುವ ಹಾಗೆ ಹೇಳಿಬಿಟ್ಟೆ.

"ಹಿತ್ತಲ ಬಾಗಲಾ ಇನ್ನ ಮುಚ್ಚಿ ಇಡ್ತೀನ್ರಿ. ಕೂಗಿ, ಮುಂದಿನಿಂದ ಬರ್ರಿ. ಗುಬ್ಬಿ ಕಡೆ ನೋಡಬ್ಯಾಡ್ರಿ, ಮುಟ್ಟಬ್ಯಾಡ್ರಿ. ತಿನ್ನಾಕೂ ಏನೂ ಕೊಡಬ್ಯಾಡ್ರಿ."

ಮಂಗಳಕ್ಕ ಜೊತೆಯವರ ಮುಖ ನೋಡಿದರು. "ಯಾರಿಗೆ ಹೇಳ್ತಿದೀಯ ಇದನ್ನ? ನನಗಾ?"

"ಎಲ್ಲಾರಿಗೂ ರೀ. ಡಾಕ್ಟರ್ ಹೇಳ್ಯಾರ."

"ಮುಟ್ಟಬೇಡಿ, ನೋಡಬೇಡಿ, ಹಿಂದಿಂದ ಬರಬೇಡಿ, ನೀವು ಕೊಟ್ಟಿದ್ದು ಬೇಡ. ನಮ್ಮನೇಲಿ ಇದ್ಕೊಂಡು ನಮಗೇ ಹೇಳ್ತೀಯಲ್ಲ ಮಾರಾಯ್ತಿ. ಅದಕ್ಕೆ ನಾಯಿ ನೆಪ ಬೇರೆ."

ತಟ್ಟೆ ಹಿಡಿದುಕೊಂಡೇ ತಿರುಗಿ ಹೋದರು. ಜೊತೆಯವರಲ್ಲಿ ಒಬ್ಬಾಕೆ, "ಇವರು ಮಡಿ ಜನ ಇರಬೇಕು" ಎಂದದ್ದು ನನಗೆ ಕೇಳಿಸಿತು. ಸಂಜೆ ಈರಣ್ಣ, "ಸ್ವಲ್ಪ ಸಾವಕಾಶ ಹೇಳಿದ್ರ ಆಗತಿತ್ತು" ಎಂದ. ಅವನಿಗೇನು, ಬೆಳಗಾದರೆ ಲೇತ್ ಮುಂದೆ ನಿಲ್ಲುತ್ತಾನೆ, ಅದು ಯಾವ ಭಾಷೆಯನ್ನೂ ತಪ್ಪು ತಿಳಿಯುವುದಿಲ್ಲ.

ಅಂದಿನಿಂದ ಬೀದಿಯವರು ಡಾಕ್ಟರಮ್ಮನ ಮಾತನ್ನು ಅಕ್ಷರಶಃ ಪಾಲಿಸಿದರು. ನಮ್ಮ ಮನೆಯ ಕಡೆ ಯಾರೂ ನೋಡಲಿಲ್ಲ, ಕರೆಯಲಿಲ್ಲ, ಒಳಗೆ ಬರಲಿಲ್ಲ. ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಎಲ್ಲರ ಮನೆಗೂ ಕರೆ ಹೋಯಿತು, ನಮ್ಮ ಬಾಗಿಲು ಬಿಟ್ಟು. ನಾನು ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು. ಶೇಂಗಾ ಹೋಳಿಗೆ ಮಾಡಿಕೊಂಡು, ಈಗ ಕಲಿತ ಬುದ್ಧಿಯಿಂದ, ಮಂಗಳಕ್ಕನ ಹಿತ್ತಿಲ ಬಾಗಿಲಿಗೇ ಹೋದೆ. ಒಳಗಿನಿಂದ ಚಿಲಕ ಹಾಕಿತ್ತು.

"ಮುಂದಿನಿಂದ ಬನ್ನಿ," ಎಂದರು ಒಳಗಿನಿಂದಲೇ. ಮುಂದಿನಿಂದ ಹೋದೆ. ಹೋಳಿಗೆ ತೆಗೆದುಕೊಂಡರು, ಕುಳಿತುಕೊಳ್ಳಿ ಎನ್ನಲಿಲ್ಲ. ನಾಯಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. "ಇರ್ಲಿ ಬಿಡಿ, ನಿಮ್ಮ ಪದ್ಧತಿ ನಿಮಗೆ," ಎಂದರು. ಮನೆಗೆ ಬಂದು ಬಚ್ಚಲಲ್ಲಿ ಕುಳಿತು ಅತ್ತೆ. ಇಷ್ಟು ದಿನದಲ್ಲಿ ನಾನು ಸಂಪಾದಿಸಿದ್ದು ಆ ಒಬ್ಬ ಹೆಂಗಸನ್ನು, ಅವರನ್ನೂ ಕಳೆದುಕೊಂಡೆ.

ಗುಬ್ಬಿ ಮಾತ್ರ ಚಿಗುರಿತು. ಮೊದಲು ಮಂಚದ ಕೆಳಗಿನಿಂದ ಮೂತಿ ಬಂತು, ಆಮೇಲೆ ಪೂರ್ತಿ ನಾಯಿ. ಹಗಲಿನಲ್ಲೇ ಅನ್ನ ತಿನ್ನತೊಡಗಿತು. ಗೇಟಿನ ಹತ್ತಿರ ಬಿಸಿಲಿಗೆ ಮಲಗಿದರೆ, ಸೋಗಾನೆಯ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೆ ಹೋದರೂ ಕಿವಿ ಅಲುಗಿಸುತ್ತಿರಲಿಲ್ಲ. ಭದ್ರಾವತಿಗೆ ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮನಿಗೇ ಆಶ್ಚರ್ಯ.

"ಅಕ್ಕಪಕ್ಕದವರನ್ನೆಲ್ಲ ಹೇಗೆ ಒಪ್ಪಿಸಿದ್ರಿ? ಮನೆಯವರೇ ನನ್ನ ಮಾತು ಕೇಳಲ್ಲ."

"ಸಿಟ್ಟಿಗೆಬ್ಬಿಸಿ ಒಪ್ಪಿಸೀನ್ರಿ," ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಅಷ್ಟರಲ್ಲಿ ಗದಗಿನಿಂದ ನನ್ನ ಅಣ್ಣ ಫೋನು ಮಾಡಿದ. ಅಲ್ಲಿಯೇ ಒಂದು ವರ್ಕ್‌ಶಾಪಿನಲ್ಲಿ ಈರಣ್ಣನಿಗೆ ಕೆಲಸ ಖಾಲಿ ಇದೆಯಂತೆ. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಹಿತ್ತಿಲಲ್ಲಿ ನಿಂತು ಡಾಕ್ಟರಮ್ಮನಿಗೆ ಫೋನಿನಲ್ಲಿ ಕೇಳಿದೆ, ಗೋಡೆಯಾಚೆ ಮಂಗಳಕ್ಕ ಬಟ್ಟೆ ಒಣಹಾಕುತ್ತಿದ್ದರು. ಇನ್ನೊಂದು ಸಲ ಲಾರಿ ಹತ್ತಿಸಿದರೆ, ಇನ್ನೊಂದು ಸಲ ಮನೆ ಬದಲಾದರೆ, ಗುಬ್ಬಿ ಮತ್ತೆ ತಿನ್ನುವುದನ್ನು ಬಿಟ್ಟೀತು, ಈ ಸಲ ಚೇತರಿಸಿಕೊಳ್ಳುವ ಭರವಸೆ ಕೊಡಲಾರೆ ಎಂದರು. ಎರಡು ದಿನ ಅಣ್ಣನಿಗೆ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಎಂದು ದೂಡಿದೆ. ಒಂದು ನಾಯಿಗಾಗಿ ತಮ್ಮೂರಿಗೆ ಮರಳುವುದನ್ನೇ ಬಿಡುವವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದೆ. ಮಂಗಳಕ್ಕ ತಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಹೂವು ಕಟ್ಟುತ್ತಾ ಕುಳಿತಿದ್ದರು. ಗುಬ್ಬಿ ಎದ್ದು, ಮೈ ಮುರಿದು, ತಾನಾಗಿಯೇ ಹೋಗಿ ಅವರ ಪಕ್ಕ ಮಲಗಿತು. ನಾನು ಮೊರ ಕೆಳಗಿಟ್ಟೆ. ಬೀದಿಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ಮುಖ ತಿರುಗಿಸಿದವರು ಅವರೇ, ಹಾಗಾಗಿ ಗುಬ್ಬಿಗೆ ಎಲ್ಲರಿಗಿಂತ ಹೆಚ್ಚು ನಂಬಿಕೆ ಹುಟ್ಟಿದ್ದೂ ಅವರ ಮೇಲೆಯೇ. ಮಂಗಳಕ್ಕ ಅದರ ಕಡೆ ನೋಡಲಿಲ್ಲ. ಹೂವಿನ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿದರು, ನಾನು ಕಿಟಕಿಯಲ್ಲಿ ಇರುವುದು ಗೊತ್ತಿದ್ದೇ.

"ಅವಳು ಊರಿಗೆ ಹೋಗೋದಾದ್ರೆ ಹೋಗ್ಲಿ ಬಿಡು. ನೀನು ಇಲ್ಲೇ ಇರು."

ಗುಬ್ಬಿ ಬಾಲ ಅಲ್ಲಾಡಿಸಿತು. ಸಂಜೆ ಈರಣ್ಣನಿಗೆ, ಅಣ್ಣನಿಗೆ ಬರುವುದಿಲ್ಲವೆಂದು ಹೇಳಿಬಿಡು ಎಂದೆ. ಶಿವಮೊಗ್ಗದಲ್ಲಿ ಉಳಿಯಲು ನನಗೆ ಕರೆ ಬಂದದ್ದಲ್ಲ, ನನ್ನ ನಾಯಿಗೆ ಬಂದದ್ದು.